ಎಳೆಯ ಮೈಗೆ ಯಾವ ಪುಡಿ?

ಮಾಗಡಿ ಬಳಿಯ ಕಲ್ಯ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ಬುಕ್ಕರಾಯ ಬಗೆಹರಿಸಿದ ತೀರ್ಪು ಶ್ರವಣಬೆಳಗೊಳದಲ್ಲಿ ಇರುವಂತೆ ಇಲ್ಲಿಯೂ ಕಲ್ಲಿನ ಮೇಲಿದೆ. ಆದರೆ ಈಗ ಹೇಳಹೊರಟಿರುವುದು ಆ ಕಲ್ಲಿನ ಮಾತಲ್ಲ, ಆ ಸೀಮೆಯ ರಾಗಿ ಹೊಲದ ಮಾತು. ಇಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ವಾಡಿಕೆ ಇರಲಿಲ್ಲ. ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು. ಮುಂಗಾರಿನ ಮೊದಲ ಹದಕ್ಕೆ ಒಂದಿಷ್ಟು ಹೆಸರು. ಸುತ್ತಿನ ಕುರುಚಲು ಕಾಡಿನಲ್ಲಿ ಚುಜ್ಜಲು ಮರ. ಇವುಗಳಲ್ಲಿ ಹಲವು ಅಡುಗೆಮನೆಗೆ ಹೋದ ಹಾಗೆಯೇ ಬಚ್ಚಲಮನೆಗೂ ಹೋಗುತ್ತಿದ್ದವು. ನೆತ್ತಿಗೆ ಹರಳೆಣ್ಣೆ, ಮೈಗೆ ಹೆಸರುಹಿಟ್ಟು, ತಲೆಗೆ ಚುಜ್ಜಲು ಎಲೆಯ ಪುಡಿ. ಪೇಟೆಯಲ್ಲಿ ಇದನ್ನೇ ಚಿಗರೆಪುಡಿ ಎಂದು ಮಾರುತ್ತಾರೆ.

ನಮ್ಮ ಬಚ್ಚಲಿಗೆ ಸೋಪು ಬಂದು ಬಹಳ ಕಾಲವೇನೂ ಆಗಿಲ್ಲ. ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾದದ್ದು 1918ರಲ್ಲಿ. ಹೆಚ್ಚಿನವರ ಮೈಗೆ ಸೋಪು ಒಗ್ಗುತ್ತದೆ, ಅದನ್ನು ದೂರುವ ಅಗತ್ಯವಿಲ್ಲ. ತೊಂದರೆ ಬರುವುದು ಒಣಚರ್ಮದ ಮಕ್ಕಳಿಗೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತಿನ ಸುತ್ತ ಕೆಂಪಾಗಿ ತುರಿಸುವ, ರಾತ್ರಿಯೆಲ್ಲ ಕೆರೆದುಕೊಂಡು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು ನೀವೂ ನೋಡಿರಬಹುದು. ವೈದ್ಯರು ಇದನ್ನು ಎಕ್ಸಿಮಾ ಎನ್ನುತ್ತಾರೆ, ಹಳ್ಳಿಯಲ್ಲಿ ಇಸಬು.

ಏಕೆ ಹೀಗೆ? ಉತ್ತರ ಆರತಿ ತಟ್ಟೆಯಲ್ಲಿದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು ಓಕುಳಿಯಾಗುತ್ತದಲ್ಲವೇ? ಸುಣ್ಣ ಕ್ಷಾರ, ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಸಾರು ಚೆಲ್ಲಿದ ಯೂನಿಫಾರಂಗೆ ಸೋಪು ಉಜ್ಜಿದಾಗ ಕಲೆ ಕೆಂಪಾಗುವುದೂ ಇದೇ ಕಾರಣಕ್ಕೆ. ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿಸಿ ಮಾಡಿದ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ನಮ್ಮ ಚರ್ಮದ ಹೊರಮೈಯದು 5ರ ಆಸುಪಾಸು, ಎಂದರೆ ತುಸು ಹುಳಿ. ಆ ಹುಳಿಯ ಕಾವಲಿನಲ್ಲಿ ಚರ್ಮದ ಜಿಡ್ಡು ತೇವವನ್ನು ಹಿಡಿದಿಟ್ಟಿರುತ್ತದೆ. ಸೋಪು ಕೊಳೆಯ ಜೊತೆಗೆ ಈ ಜಿಡ್ಡನ್ನೂ ತೊಳೆಯುತ್ತದೆ. ಗಟ್ಟಿ ಚರ್ಮ ಕೆಲವು ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ, ಇಸಬಿನ ಮಗುವಿನದು ಆಗುವುದಿಲ್ಲ. ಸಾಲದ್ದಕ್ಕೆ ಬೋರ್‌ವೆಲ್ಲಿನ ನೀರು ಗಡಸಾಗಿದ್ದರೆ ಸೋಪು ನೊರೆಯಾಗದೆ ಬಿಳಿ ಗಷ್ಟಾಗಿ ಮೈಗೇ ಅಂಟುತ್ತದೆ.

ವಿದ್ಯಾರ್ಥಿಗಳೇ, ಭಾನುವಾರ ಒಂದು ಪರೀಕ್ಷೆ ಮಾಡಿ. ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿ. ಒಂದು ತುಂಡಿಗೆ ಸೋಪಿನ ನೀರು, ಇನ್ನೊಂದಕ್ಕೆ ಹೆಸರುಹಿಟ್ಟು ಕಲಸಿದ ನೀರು ಹಾಕಿ. ಮೊದಲನೆಯದು ಕೆಂಪಾಗುತ್ತದೆ, ಎರಡನೆಯದು ಹಳದಿಯಾಗಿಯೇ ಉಳಿಯುತ್ತದೆ. ಅಂಗಡಿಯ ಸೋಪು ಮಗುವಿಗೆ ಸೌಮ್ಯವೋ ಅಲ್ಲವೋ ಎಂಬ ಅನುಮಾನಕ್ಕೂ ಇದು ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತದೆ. ಸಿಂಡೆಟ್ ಎಂಬ ಕ್ಷಾರವಿಲ್ಲದ ಬಿಲ್ಲೆಗಳು ಕಾಗದವನ್ನು ಕೆಂಪು ಮಾಡುವುದಿಲ್ಲ.

ಹೆಸರುಹಿಟ್ಟು ಮಾಡುವುದು ಹೇಗೆಂದು ಹೇಳಬೇಕಾಗಿಯೇ ಇಲ್ಲ, ಆದರೂ ಎರಡು ಮಾತು. ಕಾಲು ಕೆಜಿ ಹೆಸರುಬೇಳೆಯನ್ನು ಬಿಸಿಲಿಗೆ ಹಾಕಿ, ಗರಿಗರಿಯಾದ ಮೇಲೆ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಮಿಲ್ಲಿಗೆ ಕೊಡಬೇಡಿ, ನಿಮಗಿಂತ ಮುಂಚೆ ಅಲ್ಲಿ ಯಾರು ಖಾರದಪುಡಿ ಬೀಸಿಸಿದ್ದಾರೋ! ಹಳೆಯ ಪಂಚೆಬಟ್ಟೆಯಲ್ಲಿ ಜರಡಿ ಹಿಡಿಯಿರಿ, ತರಿ ಉಳಿದರೆ ಅದೇ ಚರ್ಮವನ್ನು ಗೀರುತ್ತದೆ. ಒದ್ದೆ ಕೈ ಹಾಕದೆ ಡಬ್ಬಿಯಲ್ಲಿಟ್ಟು ಒಂದು ತಿಂಗಳಲ್ಲಿ ಮುಗಿಸಿ, ಮುಗ್ಗಲು ವಾಸನೆ ಬಂದರೆ ಚೆಲ್ಲಿ. ಬಳಸುವಾಗ ಬೇರೆ ಬಟ್ಟಲಲ್ಲಿ ನೀರಾಗಿ ಕಲಸಿಕೊಳ್ಳಿ, ಒಣಪುಡಿ ಮಗುವಿನ ಮೂಗಿಗೆ ಹೋಗಬಾರದು. ಉಜ್ಜದೆ ಸವರಿ ತೊಳೆಯಿರಿ. ಗುಲಾಬಿ ದಳ, ಕಿತ್ತಳೆ ಸಿಪ್ಪೆ, ಕಚೋರ, ಬೇವು ಎಂದು ಹತ್ತು ಬಗೆ ಸೇರಿಸಿದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಹತ್ತರಲ್ಲಿ ಒಂದು ಒಗ್ಗದಿದ್ದರೆ ಅದು ಯಾವುದೆಂದು ಹುಡುಕುವವರು ಯಾರು?

ಇಲ್ಲಿಯವರೆಗೆ ಹೇಳಿದ್ದು ಒಣಗಿದ್ದರೂ ಬಿರುಕಿಲ್ಲದ ಮೈಗೆ. ಚರ್ಮ ಒಡೆದು ಕೀವು, ನೀರು ಜಿನುಗುತ್ತಿದ್ದರೆ ಹೆಸರುಹಿಟ್ಟನ್ನೂ ಕಡಲೆಹಿಟ್ಟನ್ನೂ ದೂರವಿಡಿ. ಇದು ಅಜ್ಜಿಯರು ಒಪ್ಪದ ಮಾತು ಎಂದು ಬಲ್ಲೆ, ಆದರೂ ಹೇಳಲೇಬೇಕು. ಬಾಯಿಯಿಂದ ಹೊಟ್ಟೆಗೆ ಹೋದ ಆಹಾರವನ್ನು ದೇಹ ತನ್ನದೆಂದು ಒಪ್ಪಿಕೊಳ್ಳುತ್ತದೆ; ಅದೇ ಆಹಾರ ಒಡೆದ ಚರ್ಮದಿಂದ ಒಳಹೊಕ್ಕರೆ ಶತ್ರುವೆಂದು ಗುರುತಿಟ್ಟುಕೊಳ್ಳುವ ಸಂಭವವಿದೆ. 2003ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು, ದದ್ದಿನ ಮೈಗೆ ಕಡಲೆಕಾಯಿ ಎಣ್ಣೆ ಬೆರೆತ ಮುಲಾಮು ಹಚ್ಚಿಸಿಕೊಂಡಿದ್ದ ಮಕ್ಕಳಲ್ಲಿ ಮುಂದೆ ಕಡಲೆಕಾಯಿಯ ಅಲರ್ಜಿ ಹೆಚ್ಚಾಗಿದ್ದುದನ್ನು ಕಂಡಿತು. ಜಪಾನಿನಲ್ಲಿ ಗೋಧಿಯ ಪ್ರೋಟೀನು ಸೇರಿಸಿದ ಮುಖ ತೊಳೆಯುವ ಸೋಪೊಂದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಆಮೇಲೆ ಗೋಧಿ ತಿಂದರೆ ಮೈ ದಡಿಕೆ ಏಳುವಂತಾಯಿತು, ಕೆಲವರು ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಳ್ಳಲಾಯಿತು. ಹೆಸರುಕಾಳಿನಿಂದಲೂ ಹೀಗೇ ಆಗುತ್ತದೆಂದು ಇದರ ಅರ್ಥವಲ್ಲ. ಆದರೆ ಜೀವನಪೂರ್ತಿ ಬೇಳೆಸಾರು ಉಣ್ಣಬೇಕಾದ ಮಗುವಿನ ವಿಷಯದಲ್ಲಿ ಪಂದ್ಯ ಕಟ್ಟುವುದೇಕೆ?

ಒಡೆದು ಜಿನುಗದ ಒಣ ಮೈಗೆ ನಮ್ಮ ಒಲೆಯ ಮೇಲೇ ಇನ್ನೊಂದು ದಾರಿಯಿದೆ: ಅಕ್ಕಿಯ ಗಂಜಿ. ಬೆಲ್ಜಿಯಂನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಸ್ನಾನದ ನೀರಿಗೆ ಅಕ್ಕಿಯ ಪಿಷ್ಟ ಬೆರೆಸಿದಾಗ ಹಾಳಾದ ಚರ್ಮ ಸುಧಾರಿಸುವುದಕ್ಕೆ ನೆರವಾಯಿತು. ಎರಡು ದೊಡ್ಡ ಚಮಚ ಅಕ್ಕಿಹಿಟ್ಟನ್ನು ಒಂದು ಚೊಂಬು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತೆಳ್ಳಗೆ ಕಾಯಿಸಿ. ಉಪ್ಪು ಹಾಕಬಾರದು. ಚೆನ್ನಾಗಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಅರ್ಧ ಬಕೆಟ್ ನೀರಿಗೆ ಬೆರೆಸಿ, ಚೊಂಬಿನಿಂದ ಮೆಲ್ಲಗೆ ಎರೆಯಿರಿ. ಆ ಹೊತ್ತಿನದು ಆ ಹೊತ್ತಿಗೇ ಮುಗಿಯಬೇಕು, ನಾಳೆಗೆ ಹುಳಿಯುತ್ತದೆ.

ನೀರು ಉಗುರುಬೆಚ್ಚಗಿರಲಿ, ಹಂಡೆಯ ಕುದಿನೀರು ಬೇಡ. ಹತ್ತು ನಿಮಿಷ ಸಾಕು. ಟವಲಿನಿಂದ ತಿಕ್ಕದೆ ಒತ್ತಿ, ಮೈ ಇನ್ನೂ ತುಸು ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಸವರಿ. ನಿಜ ಹೇಳಬೇಕೆಂದರೆ ಪುಡಿಗಿಂತ ಈ ಮೂರು ನಿಮಿಷದ ಕೆಲಸವೇ ದೊಡ್ಡದು. ಫಿಲಿಪ್ಪೀನ್ಸ್‌ನಲ್ಲಿ 117 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶುದ್ಧ ಕೊಬ್ಬರಿ ಎಣ್ಣೆ ಖನಿಜ ತೈಲಕ್ಕಿಂತ ಮೇಲೆನಿಸಿತು. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಈ ಚರ್ಮಕ್ಕೆ ಒಳ್ಳೆಯದಲ್ಲ.

ತಲೆಗೆ ಸೀಗೆ, ಚಿಗರೆ ಆಗಬಹುದು, ಕಣ್ಣಿಗೆ ಬೀಳದಂತೆ. ಅಂಟುವಾಳ ಎಳೆಮಕ್ಕಳಿಗೆ ಬೇಡ, ಕಣ್ಣು ಉರಿಯುತ್ತದೆ. ಅಡುಗೆ ಸೋಡಾ, ನಿಂಬೆರಸ ಎರಡೂ ಬೇಡ. ಸಾಂಬ್ರಾಣಿ ಹೊಗೆಯೂ ಬೇಡ, ಕೂಸಿನ ಉಸಿರಿಗೆ ಕೆಟ್ಟದ್ದು. ಕಾಸ್ಟಿಕ್ ಸೋಡಾ ತಂದು ಮನೆಯಲ್ಲೇ ಸೋಪು ಮಾಡುವ ಉತ್ಸಾಹವನ್ನಂತೂ ಮಕ್ಕಳಿರುವ ಮನೆಯಲ್ಲಿ ಕೈಬಿಡಿ. ನೀರಿನ ಬಾಟಲಿಯಲ್ಲಿಟ್ಟ ಆ ದ್ರಾವಣವನ್ನು ಮಗು ಒಂದು ಗುಟುಕು ಕುಡಿದರೂ ಅನ್ನನಾಳ ಸುಟ್ಟುಹೋಗುತ್ತದೆ.

ಯಾವುದೇ ಹೊಸ ಪುಡಿಯನ್ನು ಮೊದಲು ಮುಂಗೈಯ ಒಳಭಾಗದಲ್ಲಿ ರೂಪಾಯಿಯಗಲ ಹಚ್ಚಿ ತೊಳೆದು, ಒಂದು ವಾರ ಹೀಗೆ ನೋಡಿ. ಕೆಂಪಾದರೆ ನಿಲ್ಲಿಸಿ. ತುಟಿ, ಕಣ್ಣು ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಓಡಿ. ಹಳದಿ ಹಕ್ಕಳೆ, ಜ್ವರ, ಗುಂಪುಗುಂಪಾದ ನೀರುಗುಳ್ಳೆ ಕಂಡರೂ ವೈದ್ಯರೇ ಬೇಕು. ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆಯಿದ್ದರೆ ಅದು ಕಜ್ಜಿಯಿರಬಹುದು. ಯಾವ ಹಿಟ್ಟಿಗೂ ಅದು ಹೋಗದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಮುಲಾಮು ಬಳಿಯಬೇಡಿ, ವೈದ್ಯರು ಬರೆದುಕೊಟ್ಟದ್ದನ್ನು ಪುಡಿ ಸಿಕ್ಕಿತೆಂದು ಬಿಡಲೂಬೇಡಿ.

ಹಾಸ್ಟೆಲಿಗೆ ಹೊರಟ ಮಗನಿಗೋ ಮಗಳಿಗೋ ಗಂಜಿ ಕಾಯಿಸಿಕೊಳ್ಳುವ ಅನುಕೂಲ ಇರುವುದಿಲ್ಲ. ಅವರ ಟ್ರಂಕಿನಲ್ಲಿ ಒಂದು ಸಿಂಡೆಟ್ ಬಿಲ್ಲೆ, ಒಂದು ಸಣ್ಣ ಬಾಟಲಿ ಕೊಬ್ಬರಿ ಎಣ್ಣೆ ಇಡಿ. ಮೈ ಒಡೆದಿಲ್ಲದಿದ್ದರೆ ಹೆಸರುಹಿಟ್ಟಿನ ಡಬ್ಬಿಯನ್ನೂ ಇಡಿ, ಮೇಲೆ ಹೆಸರು, ತಾರೀಖು ಬರೆದು. ಇಲ್ಲದಿದ್ದರೆ ಹಸಿದ ಗೆಳೆಯರು ಅದರಲ್ಲೇ ಬಜ್ಜಿ ಕರಿದಾರು.