ಪಿತೃಋಣವೂ ಸಾಹುಕಾರನ ಋಣವೂ

ಮನೆಯ ಹಿರಿಯರಿಗೆ ಅರ್ಬುದ ರೋಗವು, ಎಂದರೆ ಕ್ಯಾನ್ಸರ್ ಎಂದು ಎಲ್ಲರೂ ಕರೆಯುವ ವ್ಯಾಧಿಯು, ತಗಲಿದೆಯೆಂದು ತಿಳಿದ ದಿವಸವೇ ಆ ಮನೆಯನ್ನು ಎರಡು ಭಯಗಳು ಹೊಗುತ್ತವೆ. ಒಂದು ಪ್ರಾಣಭಯ, ಮತ್ತೊಂದು ದ್ರವ್ಯದ ಭಯ. ಮೊದಲನೆಯದನ್ನು ಬಂಧುಬಳಗದವರೆಲ್ಲ ಕೂಡಿ ಆಡುವರು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳರು. ಹಾಗೆ ಹೇಳದೆ ಉಳಿದ ಭಯವೇ ಎಷ್ಟೋ ವೇಳೆ ರೋಗಿಯನ್ನು ವೈದ್ಯರಿಂದ ದೂರವಿಡುವದು.

ನಮ್ಮ ಸಾಲಹಳ್ಳಿಯ ಒಬ್ಬ ವೃದ್ಧರು ಬಾಯೊಳಗಿನ ಹುಣ್ಣನ್ನು ಐದಾರು ತಿಂಗಳು ಮನೆಯವರಿಗೆ ತಿಳಿಯಗೊಡಲಿಲ್ಲ. ಎಳೆತನದಿಂದ ತಂಬಾಕು ಅಗಿದವರು. ಹುಣ್ಣು ಯಾತರದೆಂಬದನ್ನು ಅವರು ಊಹಿಸದೆ ಇರಲಿಲ್ಲ. ಕಡೆಗೆ ರೊಟ್ಟಿ ನುಂಗಲಾಗದೆ ವಿಷಯವು ಹೊರಬಿದ್ದಿತು. ನನ್ನ ಹಳೆಯ ವಿದ್ಯಾರ್ಥಿಯಾದ ಅವರ ಮಗನು ಒಂದು ಸಂಜೆ ಖರ್ಚಿನ ಅಂದಾಜು ಬರೆದ ಚೀಟಿಯನ್ನು ಹಿಡಿದುಕೊಂಡು ಬಂದನು. ಎರಡು ಎಕರೆ ಹೊಲವನ್ನು ಒತ್ತೆಯಿಡುವ ಪತ್ರವನ್ನು ನಾನು ಬರೆದುಕೊಡಬೇಕೆಂಬದು ಅವನ ಕೋರಿಕೆ. ಹಿಂದೆಯೇ ಬಂದ ತಂದೆಯು, "ಬರೀಬ್ಯಾಡ್ರಿ ಮಾಸ್ತರ. ನಾ ಇನ್ನ ಎಷ್ಟು ದಿನದಾಂವ? ಹೊಲ ಹೋದರ ಮಮ್ಮಕ್ಕಳು ಏನ ತಿನ್ನಬೇಕು?" ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು.

ಮಗನ ಮಾತು ಭಕ್ತಿಯದು, ತಂದೆಯ ಮಾತು ವಾತ್ಸಲ್ಯದ್ದು. ಆದರೆ ಇಬ್ಬರೂ ಒಂದು ಸಂಗತಿಯನ್ನು ಅರಿತಿರಲಿಲ್ಲ. "ಪತ್ರ ಆಮೇಲೆ, ನಿಮ್ಮ ರೇಶನ್ ಕಾರ್ಡು ಎಲ್ಲಿ?" ಎಂದು ನಾನು ಕೇಳಿದೆನು. ಅದು ಟ್ರಂಕಿನ ತಳದಲ್ಲಿ ಮಲಗಿತ್ತು.

ವಾಚಕರು ತಿಳಿದಿರಬೇಕಾದ ಸಂಗತಿಯು ಇದು. ೨೦೧೮ನೆಯ ಇಸವಿಯಿಂದ ನಮ್ಮ ರಾಜ್ಯದಲ್ಲಿ 'ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ' ಎಂಬ ಯೋಜನೆಯು ನಡೆದಿರುವದು. ಬಿ.ಪಿ.ಎಲ್. ಕಾರ್ಡುಳ್ಳ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳ ಮಿತಿಯೊಳಗೆ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಯು ಧರ್ಮಾರ್ಥವಾಗಿ ದೊರೆಯುವದು. ಉಳಿದ ಕುಟುಂಬಗಳಿಗೆ ಗೊತ್ತುಪಡಿಸಿದ ವೆಚ್ಚದ ಶೇಕಡಾ ೩೦ರಷ್ಟನ್ನು, ವರ್ಷಕ್ಕೆ ೧.೫ ಲಕ್ಷ ಮೀರದಂತೆ, ಸರಕಾರವು ಭರಿಸುವದು. ಹಣವು ರೋಗಿಯ ಕೈಗೆ ಬರುವದಿಲ್ಲ. ನೇರವಾಗಿ ಆಸ್ಪತ್ರೆಗೆ ಸಲ್ಲುವದು.

ಇದಕ್ಕೆ ಕ್ರಮವೊಂದುಂಟು. ಮೊದಲು ಸರಕಾರಿ ದವಾಖಾನೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ಶಿಫಾರಸು ಪತ್ರವನ್ನು ಪಡೆದು, ಯೋಜನೆಗೆ ಸೇರಿದ ಆಸ್ಪತ್ರೆಗೆ ತೆರಳಬೇಕು. ಅಲ್ಲಿರುವ 'ಆರೋಗ್ಯ ಮಿತ್ರ'ರೆಂಬ ಸಹಾಯಕರ ಮುಂದೆ ಆಧಾರ್ ಹಾಗೂ ರೇಶನ್ ಕಾರ್ಡುಗಳನ್ನಿಟ್ಟು, ಚಿಕಿತ್ಸೆಗೆ ಮೊದಲೇ ಮಂಜೂರಾತಿಯಾಗುವಂತೆ ನೋಡಿಕೊಳ್ಳಬೇಕು. ಕ್ರಮ ತಪ್ಪಿ ಮೊದಲೇ ಕೈಯಿಂದ ತೆತ್ತ ಹಣವು ಮರಳಿ ಬಂದೀತೆಂದು ನಂಬಿ ಕೂಡ್ರಲಾಗದು. ನನ್ನ ವಿದ್ಯಾರ್ಥಿಯು ಆತುರದಲ್ಲಿ ಪರೀಕ್ಷೆಗಳಿಗೆ ಕೊಟ್ಟ ಹಣವು ಹೋದದ್ದು ಹೋಗಿಯೇ ಬಿಟ್ಟಿತು.

ಚಿಕಿತ್ಸಾಲಯಗಳಿಗೆ ಈಗ ಕೊರತೆಯಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಯಿದೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು ೨೦೨೫ರ ಜನೇವರಿಯಲ್ಲಿ ಆರಂಭವಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ೧೯೭೩ರಿಂದಲೂ, ಮುಂಬಯಿಯ ಟಾಟಾ ಆಸ್ಪತ್ರೆಯು ೧೯೪೧ರಿಂದಲೂ ಈ ರೋಗಿಗಳ ಸೇವೆಯಲ್ಲಿವೆ. ಯಾವ ಚಿಕಿತ್ಸೆಯು ಯಾವಲ್ಲಿ ಯೋಜನೆಯೊಳಗೆ ದೊರೆಯುವದೆಂಬದನ್ನು ಹೊರಡುವ ಮೊದಲೇ ವಿಚಾರಿಸತಕ್ಕದ್ದು.

ಆದರೆ ಆಸ್ಪತ್ರೆಯ ಬಿಲ್ಲು ತೀರಿದೊಡನೆ ಖರ್ಚು ತೀರಿತೆಂದು ಭಾವಿಸಲಾಗದು. ಬಾಯಿ, ಗಂಟಲುಗಳ ಅರ್ಬುದಕ್ಕೆ ಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಆರೇಳು ವಾರ ಕೊಡುವರು. ಸಾಲಹಳ್ಳಿಯಿಂದ ದಿನವೂ ಹೋಗಿಬರುವದು ಅಶಕ್ತ ರೋಗಿಗೆ ಸಾಧ್ಯವೇ? ಬಾಡಿಗೆಯ ಕೋಣೆ, ಊಟ, ಬಸ್ಸಿನ ಚೀಟಿ, ಜೊತೆಗಿದ್ದವನ ಮುರಿದ ಕೂಲಿ, ಇವು ಹನಿಹನಿಯಾಗಿ ಕೂಡಿ ಹಳ್ಳವಾಗುವವು. ಮನೆಯಲ್ಲಿ ಕೈಗಡವೆತ್ತುವದಾದರೆ ಅದು ಇದಕ್ಕಾಗಿ ಮಾತ್ರ ಇರಲಿ. ಸಾಧ್ಯವಾದರೆ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಮೊದಲೇ ಕುಳಿತು ಪಾಲು ಹಂಚಿಕೊಳ್ಳಲಿ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಡಬ್ಬಿಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರನೊಬ್ಬನಿಗೆ ಶೇಕಡಾ ೭೫ರ ರಿಯಾಯಿತಿಯುಂಟು. ಆಸ್ಪತ್ರೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಔಷಧದ ವಿಷಯದಲ್ಲಿಯೂ ಸಂಕೋಚ ಸಲ್ಲದು. ೨೦೧೯ರಲ್ಲಿ ಕೇಂದ್ರ ಸರಕಾರವು ೪೨ ಕ್ಯಾನ್ಸರ್ ಔಷಧಗಳ ಮೇಲಿನ ವ್ಯಾಪಾರದ ಲಾಭಕ್ಕೆ ಶೇಕಡಾ ೩೦ರ ಕಟ್ಟು ಹಾಕಿತು. "ಇದೇ ಗುಣದ ಅಗ್ಗದ ಔಷಧವುಂಟೇ?" ಎಂದು ವೈದ್ಯರನ್ನು ವಿನಯದಿಂದ ಕೇಳುವದು ಅವಮಾನವಲ್ಲ, ಗೃಹಸ್ಥಧರ್ಮ.

ತಂದೆತಾಯಿಗಳ ಔಷಧೋಪಚಾರವು ಮಕ್ಕಳ ಕರ್ತವ್ಯವೆಂದು ೨೦೦೭ರ ಕಾಯಿದೆಯೂ ಹೇಳುವದು. ಆದರೆ ಕರ್ತವ್ಯವೆಂಬ ಹೆಸರಿನಲ್ಲಿ ವಿಚಾರಿಸದೆ ಸಾಲಕ್ಕೆ ಕೊರಳೊಡ್ಡಿದರೆ, ಪಿತೃಋಣವು ತೀರುವ ಬದಲು ಸಾಹುಕಾರನ ಋಣವೊಂದು ಮೊಮ್ಮಕ್ಕಳ ತಲೆಗೆ ಕಟ್ಟಿದಂತಾಗುವದು. ಆ ಭಾರವನ್ನು ನೋಡಲಾರದೆ ಹಿರಿಯರು ರೋಗವನ್ನೇ ಮುಚ್ಚಿಡುವರು.

ಆ ವೃದ್ಧರಿಗೆ ಶಸ್ತ್ರಚಿಕಿತ್ಸೆಯೂ ಕಿರಣ ಚಿಕಿತ್ಸೆಯೂ ಯೋಜನೆಯೊಳಗೇ ನಡೆದವು. ತಡಮಾಡಿದ್ದಕ್ಕೆ ದವಡೆಯ ಒಂದು ಭಾಗವನ್ನು ತೆರಬೇಕಾಯಿತು. ಮೊದಮೊದಲು ಆಸ್ಪತ್ರೆಯಲ್ಲಿ ಅವರು ಗಂಜಿಯನ್ನೂ ದೂಡುತ್ತಿದ್ದರು. ಮಗನಿಗೆ ನಾನು ಒಂದೇ ಮಾತು ಹೇಳಿದ್ದೆನು: "ಲೆಕ್ಕವನ್ನು ತಂದೆಯಿಂದ ಬಚ್ಚಿಡಬೇಡ." ಅಂದಿನಿಂದ ಅವನು ಪ್ರತಿ ಸಂಜೆ ಹಾಸಿಗೆಯ ಬದಿಯಲ್ಲಿ ಕುಳಿತು ಖರ್ಚಿನ ವಹಿಯನ್ನು ಓದಿ ಹೇಳತೊಡಗಿದನು. ಮೂರನೆಯ ಸಂಜೆ ಮುದುಕರು ವಹಿಯನ್ನು ಕೈಗೆ ತೆಗೆದುಕೊಂಡು, ಪುಟಗಳನ್ನು ತಿರುವಿ, ಹೊಲದ ಹೆಸರು ಎಲ್ಲಿಯೂ ಇಲ್ಲವೆಂದು ಖಚಿತಮಾಡಿಕೊಂಡು, ಗಂಜಿಯ ಬಟ್ಟಲನ್ನು ತಾವೇ ಕೇಳಿದರಂತೆ.