ಕ್ರೈಸ್ತಧರ್ಮದಲ್ಲಿ ಪಾಪಿ ಮತ್ತು ದೈವಕರುಣೆ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂಗೆ ತೆರಳುವ ಕವಲು ರೈಲುಮಾರ್ಗವು ಕೋಲಾರ ಚಿನ್ನದ ಗಣಿಪ್ರದೇಶವನ್ನು ಹಾದುಹೋಗುತ್ತದೆ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಇಲ್ಲಿಯ ಗಣಿಗಾರಿಕೆಯನ್ನು ಕೈಗೊಂಡ ತರುವಾಯ ತಮಿಳು, ತೆಲುಗು ಸೀಮೆಗಳಿಂದ ಬಂದು ನೆಲೆಸಿದ ಕಾರ್ಮಿಕರಲ್ಲಿ ಕ್ರೈಸ್ತರೂ ಅನೇಕರಿದ್ದರು. 2001ರಲ್ಲಿ ಗಣಿಗಳು ಮುಚ್ಚಿದವು. ಚಾಂಪಿಯನ್ ರೀಫ್ಸಿನ ವಿಜಯಮಾತೆಯ ದೇವಾಲಯವೇ ಮೊದಲಾದ ಇಗರ್ಜಿಗಳಲ್ಲಿ ಪ್ರಾರ್ಥನೆ ಮುಂದುವರಿದಿದೆ.

ಈ ಜನರ ಪಾಲಿಗೆ ‘ಪಾಪಿ’, ‘ಕಳ್ಳ’ ಎಂಬವು ಕೇವಲ ಧರ್ಮಗ್ರಂಥದ ಶಬ್ದಗಳಾಗಿರಲಿಲ್ಲ. ಚಿನ್ನದ ಗಣಿಯಲ್ಲಿ ದುಡಿಯುವವನು ಕಳ್ಳನಿರಬಹುದೆಂಬ ಶಂಕೆ ಕಂಪನಿಯ ಕಾಲದಲ್ಲಿ ಸದಾ ಇದ್ದಿತು. ಕೆಲಸ ಮುಗಿಸಿ ಮೇಲೆ ಬಂದವನ ಮೈತಪಾಸಣೆ ನಡೆಯುತ್ತಿತ್ತು. ಬೆರಳಚ್ಚು ಕೊಟ್ಟು ಹೆಸರು ದಾಖಲಿಸಬೇಕೆಂಬ ಕ್ರಮದ ವಿರುದ್ಧ ಕಾರ್ಮಿಕರು 1930ರಲ್ಲಿ ಮುಷ್ಕರವನ್ನೇ ಹೂಡಿದರು. ಅಂಥವರು ಶುಭಶುಕ್ರವಾರದಂದು ಕೇಳುವ ಕಥೆಯಲ್ಲಿ ಕ್ರಿಸ್ತನ ಪಕ್ಕದ ಶಿಲುಬೆಯ ಮೇಲಿರುವವನೂ ಅಪರಾಧಿಯೇ. ಲೂಕನ ಸುವಾರ್ತೆಯ ಪ್ರಕಾರ ಆತನು ತನಗಾದ ಶಿಕ್ಷೆ ತಕ್ಕುದೆಂದು ಒಪ್ಪಿಕೊಂಡು, ತನ್ನನ್ನು ನೆನೆಯಬೇಕೆಂದು ಮಾತ್ರ ಕ್ರಿಸ್ತನನ್ನು ಬೇಡಿದನು. ಆ ದಿನವೇ ಪರಂಧಾಮದ ಭರವಸೆ ಪಡೆದನು. ವ್ರತಕ್ಕಾಗಲಿ ದಾನಕ್ಕಾಗಲಿ ಅವನಲ್ಲಿ ಕಾಲವೇ ಉಳಿದಿರಲಿಲ್ಲ.

ಹೀಗಾದರೆ ನ್ಯಾಯದ ಗತಿಯೇನು? ಮತ್ತಾಯನ ಸುವಾರ್ತೆಯ ದ್ರಾಕ್ಷಾತೋಟದ ಸಾಮತಿಯು ಈ ಪ್ರಶ್ನೆಯನ್ನು ಕೂಲಿಯ ಭಾಷೆಯಲ್ಲಿಯೇ ಎತ್ತುತ್ತದೆ. ಬೆಳಗಿನಿಂದ ಬಿಸಿಲಿನಲ್ಲಿ ದುಡಿದವನಿಗೆ ಒಂದು ನಾಣ್ಯ. ಹೊತ್ತಿಳಿದ ಮೇಲೆ ಬಂದು ಒಂದೇ ಗಳಿಗೆ ದುಡಿದವನಿಗೂ ಒಂದು ನಾಣ್ಯ. ಕಾಯಕದ ನೆಲೆಯಲ್ಲಿ ಯೋಚಿಸುವ ಓದುಗರಿಗೆ ಇದು ಅನ್ಯಾಯವೆಂದೇ ತೋರೀತು. ಪಾಳಿಯ ಲೆಕ್ಕದಲ್ಲಿ ಬದುಕಿದ ಗಣಿಯಾಳಿಗೂ ಹಾಗೆಯೇ ತೋರಿರಬೇಕು. ಮೊದಲು ಬಂದವನಿಗೆ ಒಪ್ಪಿದ ಕೂಲಿಯಲ್ಲಿ ಕಾಸೂ ಕಡಿಮೆಯಾಗಿಲ್ಲ ಎಂಬುದೇ ತೋಟದ ಒಡೆಯನ ಉತ್ತರ. ಕ್ರೈಸ್ತರ ದೃಷ್ಟಿಯಲ್ಲಿ ದೇವರ ಮುಂದೆ ತನ್ನ ಪುಣ್ಯದ ಬಲದಿಂದ ನಿಲ್ಲಬಲ್ಲವನು ಯಾವನೂ ಇಲ್ಲ. ಆದ್ದರಿಂದ ಮೋಕ್ಷವು ಸಂಬಳವಲ್ಲ, ಕೊಡುಗೆ. ಅದರ ಬೆಲೆಯನ್ನು ಕ್ರಿಸ್ತನು ಶಿಲುಬೆಯ ಮೇಲೆ ತೆತ್ತನೆಂಬುದು ಅವರ ನಂಬುಗೆ.

ಲೂಕನ ದುಂದುಗಾರ ಮಗನ ಕಥೆಯಲ್ಲಿಯೂ ಕೂಲಿಯ ಮಾತೇ ಬರುತ್ತದೆ. ಆಸ್ತಿಯನ್ನೆಲ್ಲ ಹಾಳುಮಾಡಿ ಹಂದಿ ಕಾಯುವ ಸ್ಥಿತಿಗಿಳಿದ ಮಗನು, ತನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂದು ತಂದೆಯನ್ನು ಕೇಳಲು ಮಾತು ಸಿದ್ಧಪಡಿಸಿಕೊಂಡು ಊರಿಗೆ ಮರಳುತ್ತಾನೆ. ಮುದಿ ತಂದೆ ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗನು ತಪ್ಪೊಪ್ಪಿಕೊಳ್ಳುತ್ತಾನಾದರೂ ಕೂಲಿಯ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ತಂದೆಯ ಕನಿಕರಕ್ಕೆ ಗ್ರೀಕ್ ಮೂಲದಲ್ಲಿ ಬಳಸಿರುವ ಕ್ರಿಯಾಪದವು ಒಡಲಿನ ಒಳ ಅಂಗಗಳನ್ನು ಸೂಚಿಸುವ ಶಬ್ದದಿಂದ ಹುಟ್ಟಿದ್ದು. ‘ಕರುಳು ಮಿಡಿಯಿತು’ ಎನ್ನುವ ಕನ್ನಡಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಪಾಪಿಯು ಕ್ಷಮೆ ಪಡೆದ ಮಾತ್ರಕ್ಕೆ ಅವನಿಂದ ಕೆಟ್ಟವರ ಹಾನಿ ತುಂಬುವುದೇ? ಸುಂಕದವರ ಮುಖ್ಯಸ್ಥನಾದ ಜಕ್ಕಾಯನು, ಕ್ರಿಸ್ತನು ತನ್ನ ಮನೆಗೆ ಬಂದಾಗ, ವಂಚಿಸಿ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಕರುಣೆ ಮೊದಲು ಬಂದಿತು, ಋಣ ತೀರಿಸುವ ಮಾತು ಅದರ ಹಿಂದೆ ಬಂದಿತು. ಈ ಅನುಕ್ರಮವೇ ಇಲ್ಲಿ ಮುಖ್ಯ. ಕಥೋಲಿಕರು ಗುರುವಿನ ಮುಂದೆ ಪಾಪವನ್ನು ನಿವೇದಿಸುತ್ತಾರೆ. ಆತನು ಪ್ರಾಯಶ್ಚಿತ್ತವನ್ನು ವಿಧಿಸುತ್ತಾನೆ, ಕದ್ದದ್ದನ್ನು ಹಿಂದಿರುಗಿಸಬೇಕೆನ್ನುತ್ತಾನೆ. ತಮಿಳು ಕಥೋಲಿಕರು ಇದನ್ನು ‘ಪಾವಸಂಕೀರ್ತನಂ’ ಎನ್ನುತ್ತಾರೆ. ಸಂಕೀರ್ತನೆಯೆಂದರೆ ಭಜನೆಯೆಂದಷ್ಟೇ ಬಲ್ಲವರಿಗೆ ಈ ಪ್ರಯೋಗ ವಿಚಿತ್ರವೆನಿಸಿದರೂ, ಬಾಯಿಬಿಟ್ಟು ಹೇಳುವುದೆಂಬ ಮೂಲಾರ್ಥ ಇಲ್ಲಿ ಉಳಿದುಕೊಂಡಿದೆ. ಪ್ರೊಟೆಸ್ಟಂಟರಾದರೋ ಗುರುವಿನ ಮಧ್ಯಸ್ಥಿಕೆ ಅಗತ್ಯವಲ್ಲ, ವಿಶ್ವಾಸವೊಂದೇ ಸಾಕೆನ್ನುತ್ತಾರೆ.

ದುಂದುಗಾರನ ಕಥೆಗೆ ಇನ್ನೊಂದು ಭಾಗವಿದೆ. ಹಲವರು ಅದನ್ನು ಮರೆಯುತ್ತಾರೆ. ವರ್ಷಗಟ್ಟಲೆ ತಪ್ಪದೆ ಹೊಲದಲ್ಲಿ ದುಡಿದ ಹಿರಿಯ ಮಗನು ತಮ್ಮನಿಗಾಗಿ ನಡೆದ ಔತಣದ ಸದ್ದು ಕೇಳಿ ಮುನಿದು ಹೊರಗೇ ನಿಂತನು. ತಂದೆ ಅವನ ಬಳಿಗೂ ಎದ್ದು ಬಂದು, ತನ್ನದೆಲ್ಲವೂ ಅವನದೇ ಎಂದು ಹೇಳಿ ಒಳಗೆ ಕರೆದನು. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಸುವಾರ್ತೆ ಹೇಳುವುದಿಲ್ಲ.