ಭೈರವಿ ಮುಗಿಯುವ ತನಕ ರೆಕಾರ್ಡಿಂಗ್

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಇಂಥ ಬೈಠಕ್ಕನ್ನು ಯಾರೂ ಕ್ಯಾಮೆರಾ ಪಕ್ಕ ಕೂರದೆ, ಕಂಪ್ಯೂಟರೇ ಹೊತ್ತಿಗೆ ಸರಿಯಾಗಿ ರೆಕಾರ್ಡ್ ಮಾಡಿ, ಹೆಸರು-ತಾರೀಖು ಹಚ್ಚಿ ಸಂಗ್ರಹಕ್ಕೆ ಸೇರಿಸಬೇಕು ಎಂದುಕೊಳ್ಳಿ. ಇಂಥ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ರಾತ್ರಿ 9ಕ್ಕೆ ಶುರು, ಬೆಳಗ್ಗೆ 6ಕ್ಕೆ ಬಂದ್ ಎಂದು ಬರೆದಿಟ್ಟರೆ ಸಾಕಲ್ಲ ಅನ್ನಿಸುತ್ತದೆ. ಆದರೆ ಕಂಪ್ಯೂಟರಿನ 24 ತಾಸಿನ ಲೆಕ್ಕದಲ್ಲಿ ರಾತ್ರಿ 9 ಎಂದರೆ 21; 6 ಅದಕ್ಕಿಂತ ಚಿಕ್ಕ ಸಂಖ್ಯೆ. ನಡುವೆ ತಾರೀಖು ಬದಲಾಗುತ್ತದೆಂದು ಸಾಫ್ಟ್‌ವೇರ್ ಬರೆದವರು ಯೋಚಿಸಿರದಿದ್ದರೆ ಅದು ಬುಕಿಂಗನ್ನೇ ಒಪ್ಪುವುದಿಲ್ಲ, ಇಲ್ಲವೇ ನಡುರಾತ್ರಿಗೆ ನಿಂತುಬಿಡುತ್ತದೆ. ಗಾಯಕರಂತೂ ಗಡಿಯಾರ ನೋಡಿ ಕೊನೆಯ ಭೈರವಿ ರಾಗ ಮುಗಿಸುವವರಲ್ಲ. ಹಾಗಾಗಿ ‘ಇನ್ನರ್ಧ ತಾಸು ನಡೀಲಿ’ ಎನ್ನಲು ಒಂದು ಗುಂಡಿ ಇದೆಯೇ ಎಂಬುದನ್ನು ನಾನು ಬೆಲೆಗಿಂತ ಮೊದಲು ಕೇಳುತ್ತೇನೆ.

ಒಳಗೆ ನಡೆಯುವುದಿಷ್ಟು. ಸೆಕೆಂಡಿಗೆ 25 ಫ್ರೇಮಿನ ಎಚ್‌ಡಿ ಚಿತ್ರವನ್ನು ಹಿಂಡದೆ ಹಾಗೇ ಉಳಿಸಿದರೆ ಗಂಟೆಗೆ ಸುಮಾರು 373 ಜಿಬಿ ಬೇಕು. ಕ್ಯಾಪ್ಚರ್ ಕಾರ್ಡ್ ಆ ಚಿತ್ರವನ್ನು ಹಿಡಿದು, ಹಿಂಡುವ ಕೆಲಸದ ಎನ್‌ಕೋಡರ್‌ಗೆ ಕೊಡುತ್ತದೆ. ಕೂತು ಹಾಡುವವರ ಹಿಂದಿನ ಗೋಡೆ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದಿಲ್ಲವಲ್ಲ. ಎನ್‌ಕೋಡರ್ ಹೆಚ್ಚಾಗಿ ಬದಲಾದಷ್ಟನ್ನೇ ಬರೆದುಕೊಳ್ಳುತ್ತದೆ. ಸೆಕೆಂಡಿಗೆ 8 ಮೆಗಾಬಿಟ್‌ಗೆ ಇಳಿಸಿದರೆ ಗಂಟೆಗೆ 3.6 ಜಿಬಿ, ಇಡೀ ರಾತ್ರಿಗೆ ಸುಮಾರು 32 ಜಿಬಿ. ಮುಂದೆ ಎಡಿಟಿಂಗ್ ಮಾಡುವವರಿಗೆ ಇಷ್ಟು ಹಿಂಡಿದ್ದು ಸಾಲದು. ಅವರು ಕೇಳುವ ದರ್ಜೆಯಲ್ಲಿ ಗಂಟೆಗೆ 55 ಜಿಬಿಯಾದರೂ ಆದೀತು.

ನಿಜವಾದ ಪರೀಕ್ಷೆ ಕರೆಂಟು ಹೋದಾಗ. ಸಾಮಾನ್ಯ ಎಂಪಿ-4 ಫೈಲಿನಲ್ಲಿ ಯಾವ ಫ್ರೇಮು ಎಲ್ಲಿದೆ ಎಂಬ ಪಟ್ಟಿಯನ್ನು ರೆಕಾರ್ಡಿಂಗ್ ಮುಗಿದ ಮೇಲೆ ಬರೆಯಲಾಗುತ್ತದೆ. ಎಂಟು ತಾಸು ಸರಿಯಾಗಿ ನಡೆದು, ಒಂಬತ್ತನೆಯ ತಾಸಿನಲ್ಲಿ ಕರೆಂಟು ಕೈಕೊಟ್ಟರೆ ಡಿಸ್ಕಿನಲ್ಲಿ ಮಾಹಿತಿಯೆಲ್ಲ ಇರುತ್ತದೆ, ಪಟ್ಟಿ ಮಾತ್ರ ಇರುವುದಿಲ್ಲ. ಪ್ಲೇಯರ್ ಫೈಲನ್ನು ತೆರೆಯುವುದೇ ಇಲ್ಲ. ಎಂಕೆವಿ, ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಅಥವಾ ತುಂಡುತುಂಡಾಗಿ ಬರೆಯುವ ಎಂಪಿ-4 ಆದರೆ ಕೊನೆಯ ಕೆಲವು ಸೆಕೆಂಡು ಹೋದಾವು, ಉಳಿದದ್ದು ಕೈಗೆ ಸಿಗುತ್ತದೆ. ಉಚಿತವಾಗಿ ಸಿಗುವ ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಸಾದಾ ಎಂಪಿ-4 ಆಯ್ದುಕೊಂಡವರಿಗೆ ಈ ಎಚ್ಚರಿಕೆ ಕೊಡುತ್ತದೆ. ಮಾರುವವರು ಡೆಮೊ ತೋರಿಸಲು ಬಂದಾಗ, ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತುಬಿಡಿ. ಮತ್ತೆ ಚಾಲೂ ಮಾಡಿದಾಗ ಹಳೆಯ ಫೈಲ್ ತೆರೆದುಕೊಳ್ಳಬೇಕು. ಬುಕಿಂಗ್ ಅವಧಿ ಇನ್ನೂ ಬಾಕಿಯಿದ್ದರೆ ಯಂತ್ರ ತಾನಾಗಿಯೇ ರೆಕಾರ್ಡಿಂಗ್ ಮುಂದುವರಿಸಬೇಕು. ಅವರ ಮುಖ ಸಪ್ಪಗಾದರೆ ಆಗಲಿ!

ಗಡಿಯಾರದ್ದೂ ಒಂದು ರಗಳೆ. ದೂರದ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ನಡೆಯುತ್ತವೆ. ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ಇದನ್ನು ಹೊಂದಿಸದಿದ್ದರೆ ರಾತ್ರಿ 9ರ ಬೈಠಕ್‌ಗೆ ಯಂತ್ರ ಏಳುವುದು ನಸುಕಿನ 2:30ಕ್ಕೆ.

ಧಾರವಾಡದ ಹೈಕೋರ್ಟ್ ಪೀಠದಂಥ ಕಡೆ ತೊಡಕು ಬೇರೆ ಥರದ್ದು. ಪ್ರಕರಣಗಳು ಪಟ್ಟಿಯ ಕ್ರಮದಲ್ಲಿ ಬರುತ್ತವೆ. ಯಾವುದು ಎಷ್ಟು ಹೊತ್ತು ನಡೆಯುತ್ತದೋ ಯಾರೂ ಹೇಳಲಾರರು. ಕಲಾಪದ ನೇರ ಪ್ರಸಾರ ಮತ್ತು ರೆಕಾರ್ಡಿಂಗ್ ಕುರಿತ ಕರ್ನಾಟಕದ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ವೈವಾಹಿಕ ವ್ಯಾಜ್ಯ, ಲೈಂಗಿಕ ಅಪರಾಧದಂಥ ಪ್ರಕರಣಗಳನ್ನು ಪ್ರಸಾರ ಮಾಡುವಂತಿಲ್ಲ; ನ್ಯಾಯಮೂರ್ತಿಗಳ ಕೈಯಲ್ಲೇ ಪ್ರಸಾರ ನಿಲ್ಲಿಸುವ ರಿಮೋಟ್ ಇರಬೇಕು. ಇಲ್ಲಿ ಸಮಯ ಬರೆದಿಡುವ ಸಾಫ್ಟ್‌ವೇರ್‌ನಿಂದ ಉಪಯೋಗ ಕಡಿಮೆ. ಹೊರಗಿನ ಸಂಕೇತ ಬಂದ ಕ್ಷಣ ಶುರುವಾಗಿ, ಕ್ಷಣದಲ್ಲೇ ನಿಲ್ಲುವಂಥದ್ದು ಬೇಕು.

ಕಾಲೇಜಿನ ಪಾಠಗಳಿಗೆ ಇಷ್ಟೆಲ್ಲ ಬೇಕಿಲ್ಲ. ಗಂಟೆ ಹೊಡೆದಂತೆ ಶುರುವಾಗಿ ಮುಗಿಯುವ ತರಗತಿಗೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನವನ್ನು ಲಿನಕ್ಸ್‌ನ ಕ್ರಾನ್ ಹೊತ್ತಿಗೆ ಸರಿಯಾಗಿ ಚಾಲೂ ಮಾಡುತ್ತದೆ. ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್, ಒಂದು ಕ್ಯಾಪ್ಚರ್ ಕಾರ್ಡ್, ಮತ್ತೆ ಶುಕ್ರವಾರಕ್ಕೊಮ್ಮೆ ಡಿಸ್ಕ್ ಖಾಲಿ ಮಾಡಲು ಮರೆಯದ ಒಬ್ಬ ಸಿಬ್ಬಂದಿ.